ಮರ ಉಜ್ಜುವವರಿಗೆ ಹನ್ನೆರಡು ಸೂಚನೆಗಳು

ಗುರುರಾಜ ಮಾಸ್ತರರು ಹುಟ್ಟಿ ಮೂವತ್ತು ವರ್ಷವಾದರೂ ಒಂದು ಗೇಣು ಕಟ್ಟಿಗೆಯನ್ನು ಉಜ್ಜಿ ನುಣುಪು ಮಾಡಿದವರಲ್ಲ. ಪೆನ್ಸಿಲು ಚೂಪು ಮಾಡುವುದಿದ್ದರೂ ಪಕ್ಕದವರ ಕೈಗೆ ಕೊಡುವ ಪೈಕಿ. ಅಂಥವರು ‘ದಿನಗಟ್ಟಲೆ ಮರ ಉಜ್ಜುವವರಿಗೆ ಹನ್ನೆರಡು ಉಪಯುಕ್ತ ಸೂಚನೆಗಳು’ ಎಂಬ ಲೇಖನ ಬರೆದರು. ಧಾರವಾಡದ ಒಂದು ಶಿಕ್ಷಣ ಮಾಸಿಕ ಅದನ್ನು ಅಚ್ಚು ಹಾಕಿತು. ಅಚ್ಚಾದದ್ದನ್ನು ಸಾಲೆಗಳ ಇನ್ಸ್‌ಪೆಕ್ಟರ್ ಪಂಢರೀನಾಥರಾಯರು ಓದಿದರು. ಅವರು ಆ ದಿನ ಬೇರೇನಾದರೂ ಓದಿದ್ದರೆ ಎಷ್ಟೋ ಜನ ನೆಮ್ಮದಿಯಿಂದ ಇರುತ್ತಿದ್ದರು.

ಲೇಖನ ಹುಟ್ಟಿದ್ದು ಮರದ ಮೇಲಿನ ಮೋಹದಿಂದಲ್ಲ, ಹೆಂಡತಿಯ ಮೇಲಿನ ಮೋಹದಿಂದ. ಮಾಸ್ತರರ ನೌಕರಿ ಕಮತಗಿಯಲ್ಲಿ. ಹೆಂಡತಿ ಸುಲಭಾ ಬಾಗಲಕೋಟೆಯ ಸಾಲೆಯೊಂದರಲ್ಲಿ ಅಕ್ಕೋರು. ತಾಯಿ ಪ್ರೇಮಾಬಾಯಿಯ ಜೊತೆ ಅಲ್ಲೇ ವಾಸ. ಮದುವೆಯಾಗಿ ಎರಡು ವರ್ಷವಾದರೂ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇದ್ದದ್ದು ರವಿವಾರಗಳಲ್ಲಿ ಮಾತ್ರ. ಆ ರವಿವಾರವೂ ಪೂರ್ತಿ ಅವರದಲ್ಲ. ಪ್ರೇಮಾಬಾಯಿ ಇಬ್ಬರ ನಡುವೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯಲು ಕೂತರೆ ಸಂಜೆಯ ಬಸ್ಸಿನ ಹೊತ್ತಿಗೇ ಏಳುವುದು. ಅಳಿಯ ಅರ್ಥಗರ್ಭಿತವಾಗಿ ಕೆಮ್ಮಿದರೆ ಶುಂಠಿ ಕಷಾಯ ಮಾಡಿಕೊಡುತ್ತಿದ್ದರೇ ಹೊರತು ಎದ್ದು ಹೋಗುತ್ತಿರಲಿಲ್ಲ.

ಬಾಗಲಕೋಟೆಗೆ ವರ್ಗ ಮಾಡಿರೆಂದು ಮಾಸ್ತರರು ನಾಲ್ಕು ಅರ್ಜಿ ಹಾಕಿದ್ದರು. ನಾಲ್ಕಕ್ಕೂ ಉತ್ತರವಿಲ್ಲ. ಹೋದ ತಿಂಗಳು ಸುಲಭಾ ಬಸ್ಸಿನ ಕಿಟಕಿಯ ಹತ್ತಿರ ನಿಂತು, "ನಿಮ್ಮ ಅರ್ಜಿ ನಂಬಿ ಕೂತ್ರ ನಾವಿಬ್ರೂ ಪೆನ್ಶನ್ ಆದಮ್ಯಾಲೇ ಒಂದು ಮನ್ಯಾಗ ಇರೋದು ನೋಡ್ರಿ" ಎಂದಿದ್ದಳು. ನಗುತ್ತಲೇ ಅಂದ ಮಾತು. ಆದರೆ ಮಾಸ್ತರರಿಗೆ ಅದು ಕಮತಗಿ ತಲುಪುವವರೆಗೂ ಚುಚ್ಚಿತು. ಇನ್ನು ಆಕೆಗೆ ಏನೂ ಹೇಳಬಾರದು, ಆರ್ಡರು ಹಿಡಿದುಕೊಂಡೇ ಎದುರಿಗೆ ಹೋಗಿ ನಿಲ್ಲಬೇಕು ಎಂದು ಅವತ್ತೇ ನಿಶ್ಚಯಿಸಿದರು.

ಆಗಿನ್ನೂ ನಮ್ಮ ಸೀಮೆ ಮುಂಬಯಿ ಸರಕಾರದ ಕೆಳಗಿತ್ತು. ಮಕ್ಕಳಿಗೆ ಅಕ್ಷರದ ಜೊತೆ ಕೈಕಸಬೂ ಬರಬೇಕೆಂದು ಮೇಲಿನವರು ಹಟ ಹಿಡಿದಿದ್ದ ಕಾಲ. ಪಂಢರೀನಾಥರಾಯರಿಗಂತೂ ಅದು ಹುಚ್ಚೇ ಆಗಿತ್ತು. ಸಾಲೆಗೆ ಬಂದರೆ ಮಗ್ಗಿ ಕೇಳುತ್ತಿರಲಿಲ್ಲ. ಉಳಿ ಎಲ್ಲಿ, ಗರಗಸ ಎಲ್ಲಿ ಎಂದು ಕೇಳುತ್ತಿದ್ದರು. ಕಮತಗಿಯ ಸಾಲೆಗೂ ಒಂದು ಪೆಟ್ಟಿಗೆ ತುಂಬ ಹತ್ಯಾರ ಬಂದಿದ್ದವು. ಕಳುವಾದಾವು ಎಂಬ ಹೆದರಿಕೆಗೆ ಹೆಡ್‌ಮಾಸ್ತರ ತಿಮ್ಮಣ್ಣನವರು ಅದಕ್ಕೆ ಬೀಗ ಜಡಿದು, ಅದರ ಮೇಲೆ ಕೂತೇ ಕಾರಭಾರ ನಡೆಸುತ್ತಿದ್ದರು. ಗುರುರಾಜರಿಗೆ ದಾರಿ ಹೊಳೆಯಿತು. ಸಾಹೇಬರ ಮನಸ್ಸು ಗೆಲ್ಲಬೇಕಾದರೆ ಕೈಕಸಬಿನ ಬಗ್ಗೆ ಬರೆಯಬೇಕು. ಬರೆಯುವುದಕ್ಕೆ ಕೈಗೆ ಕಸಬು ಬರಲೇಬೇಕೆಂದು ಎಲ್ಲೂ ಇಲ್ಲವಲ್ಲ.

ಊರ ಬಡಿಗ ನೀಲಪ್ಪನ ಅಂಗಡಿಯಲ್ಲಿ ಎಂಟು ಸಂಜೆ ಕೂತರು. ನೀಲಪ್ಪ ಕಟ್ಟಿಗೆ ಉಜ್ಜುತ್ತಿದ್ದ, ಮಾಸ್ತರರು ಕೇಳುತ್ತಿದ್ದರು, ನೀಲಪ್ಪ ಹೇಳುತ್ತಿದ್ದ, ಮಾಸ್ತರರು ನೋಟಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹನ್ನೆರಡಾದಾಗ ಅಂಚೆಗೆ ಹಾಕಿದರು.

ಸಾಹೇಬರ ಪತ್ರ ಬಂದದ್ದು ಒಂದು ಗುರುವಾರ ಮುಂಜಾನೆ. ಮಾಸ್ತರರು ಬೋರವ್ವನ ಮನೆಯ ಬಾಡಿಗೆ ಕೋಣೆಯ ಮುಂದೆ ಹಲ್ಲುಪುಡಿ ಬಾಯಿಗೆ ಹಾಕಿಕೊಂಡು ನಿಂತಿದ್ದಾಗ ತಿಮ್ಮಣ್ಣನವರು ಕಾಗದ ಆಡಿಸುತ್ತ ಓಡಿಬಂದರು.

"ಗುರುರಾಜರ, ನಸೀಬ ಖುಲಾಯಿಸ್ತು ನಿಮ್ದು! ಸಾಹೇಬ್ರು ನಿಮ್ಮ ಲೇಖನ ಓದ್ಯಾರ. ಹನ್ನೆರಡೂ ಸೂಚನಾ ನಿಮ್ಮ ಕೈಯಿಂದನ ಮಾಡಿ ತೋರಸ್ಬೇಕಂತ. ಒಂದು ಟೇಬಲ್ಲು ತಯಾರಿಡ್ರಿ ಅಂತ ಬರದಾರ."

ಮಾಸ್ತರರು ಹಲ್ಲುಪುಡಿ ನುಂಗಿದರು. "ಯಾವತ್ತಂತ?"

"ಇವತ್ತ! ಟಪಾಲ ತಡಾ ಆಗೇತಿ. ಹತ್ತರ ಬಸ್ಸಿಗೆ ಬರ್ತಾರ."

ತಿಮ್ಮಣ್ಣನವರ ಮುಖದಲ್ಲಿ ಹಬ್ಬದ ಕಳೆಯಿತ್ತು. ಸಾಹೇಬರು ದಿನವಿಡೀ ಗುರುರಾಜರನ್ನು ನೋಡುತ್ತ ಕೂತರೆ ತಮ್ಮ ಹಾಜರಿ ಪುಸ್ತಕವನ್ನು ಯಾರು ನೋಡುತ್ತಾರೆ? ಅದರಲ್ಲಿ ಮದುವೆಯಾಗಿ ಹೋದ ಹುಡುಗಿಯರೂ ಇನ್ನೂ ಮೂರನೆಯ ಇಯತ್ತೆಯಲ್ಲಿ ಹಾಜರಿದ್ದರು.

ಮಾಸ್ತರರು ಧೋತರದ ಚುಂಗು ಹಿಡಿದುಕೊಂಡು ನೀಲಪ್ಪನ ಅಂಗಡಿಗೆ ಓಡಿದರು.

"ನೀಲಪ್ಪಾ, ಮುಳುಗಿದೆನೋ!"

"ಎಲ್ಲಿ ಮುಳಗಿದ್ರಿ ಮಾಸ್ತರ್ರ? ಹೊಳಿಯಾಗ ಮೊಣಕಾಲ ನೀರೂ ಇಲ್ಲಲ್ಲ."

ಮಾಸ್ತರರು ಸಂಗತಿ ಹೇಳಿ, ಮಾಸಿಕ ತೆಗೆದು, ಸೂಚನೆಗಳನ್ನು ಒಂದೊಂದಾಗಿ ಓದಿದರು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಳ್ಳುವುದು, ಗಂಟಲಿಗೆ ಹೊಟ್ಟು ಕೂರದಂತೆ ಆಗಾಗ ಬೆಲ್ಲ ತಿನ್ನುವುದು, ನೂರು ಸಲ ಉಜ್ಜಿದ ಮೇಲೆ ಕೈ ಬದಲಿಸುವುದು, ಇದಕ್ಕೆಲ್ಲ ನೀಲಪ್ಪ ತಲೆಯಾಡಿಸಿದ. ಐದನೆಯದಕ್ಕೆ ಬಂದಾಗ ಅವನ ಕೈಯ ಉಸುಕಿನ ಕಾಗದ ಅಲ್ಲೇ ನಿಂತಿತು.

"‘ಉಜ್ಜುವ ಮೊದಲು ಅಂಗೈಗೆ ಶೇಂಗಾ ಎಣ್ಣೆ ಹಚ್ಚಿಕೊಳ್ಳಬೇಕು’... ಅಯ್ಯ ಶಿವನ! ಇದನ್ನ ಅಚ್ಚು ಹಾಕ್ಸೀರೇನ್ರಿ?"

"ನೀನೇ ಹೇಳಿದ್ಯಲ್ಲೋ!"

"ಹೇಳಿದ್ದು ಖರೆ ಐತ್ರಿ. ಅವತ್ತ ನೀವು ಕುಂತಾವ್ರು ಏಳವಲ್ರಾಗಿದ್ರಿ. ಮನ್ಯಾಗ ರೊಟ್ಟಿ ಆರಾಕತ್ತಿದ್ವು. ಏನರ ಒಂದು ಹೇಳಿದ್ರ ಬರಕೊಂಡು ಹೋಗ್ತಿದ್ರಿ. ಅದಕ್ಕ ಹೇಳಿದ್ನಿ."

"ಹಂಗ ಎಷ್ಟು ಹೇಳೀಯೋ?"

ನೀಲಪ್ಪ ಬೆರಳು ಮಡಿಸಿದ. "ಎಣ್ಣಿದೊಂದು. ಸೊಂಟ ಹಿಡೀಬಾರ್ದಂದ್ರ ಒಂಟಿ ಕಾಲ ಮ್ಯಾಲೆ ನಿಂದ್ರೂದೊಂದು. ಸೀನು ಬರದಂಗ ಹಲ್ಲಾಗ ಉಳ್ಳಾಗಡ್ಡಿ ಕಚ್ಚೂದೊಂದು. ಮೂರ ರೀ. ಏಳು ಖರೆ ಅದಾವು. ಉಳದೆರಡು ನಂದಲ್ಲ."

ಉಳಿದೆರಡು ಯಾರವೆಂದು ಮಾಸ್ತರರಿಗೆ ಗೊತ್ತಿತ್ತು. ಹನ್ನೆರಡು ಎಂಬ ಸಂಖ್ಯೆ ಕಿವಿಗೆ ಚೆನ್ನಾಗಿ ಕೇಳುತ್ತದೆಂದು ‘ಹಾಡುತ್ತ ಉಜ್ಜಿದರೆ ದಣಿವು ಕಾಣದು’ ಎಂಬುದನ್ನು ತಾವೇ ಸೇರಿಸಿದ್ದರು. ಕೊನೆಯದು ಇನ್ನೂ ಘನವಾದದ್ದು. ನೀಲಪ್ಪನ ಅಪ್ಪ ಇಲಕಲ್ಲಿನಲ್ಲಿ ಮಗ್ಗದ ಸಾಮಾನು ಮಾಡುತ್ತಿದ್ದ. ಉಜ್ಜಿದ ಕಟ್ಟಿಗೆಯ ಮೇಲೆ ರೇಷ್ಮೆಯ ಎಳೆಯೊಂದನ್ನು ಎಳೆದು ನೋಡುವುದು ಅವನ ಪದ್ಧತಿ. ಎಳೆ ಎಲ್ಲಿ ಸಿಕ್ಕಿತೋ ಅಲ್ಲಿ ಇನ್ನೂ ಉಜ್ಜಬೇಕು. ನೀಲಪ್ಪ ಹೇಳಿದ್ದು ಇಷ್ಟೇ. ಬರೀ ಒಂದು ಎಳೆ ಎಂದರೆ ಲೇಖನಕ್ಕೆ ಶೋಭೆಯಿಲ್ಲವೆಂದು ಮಾಸ್ತರರು ಅಲ್ಲಿ ಇಡೀ ಇಲಕಲ್ಲ ಸೀರೆಯನ್ನೇ ಉಡಿಸಿಬಿಟ್ಟಿದ್ದರು.

"ಸೀರಿ ಎಳೀಬೇಕಂತ ಯಾವ ಶಾಣ್ಯಾ ಹೇಳಿದಾ ನಿಮಗ?" ಎಂದ ನೀಲಪ್ಪ.

"ನೀಲಪ್ಪಾ, ಅದೆಲ್ಲ ಆಮ್ಯಾಲೆ ಬೈ. ಈಗ ನನ್ನ ಸಂಸಾರ ನಿನ್ನ ಕೈಯಾಗದ."

ನೀಲಪ್ಪ ಸಾಲೆಗೆಂದೇ ಮಾಡುತ್ತಿದ್ದ, ಇನ್ನೂ ಉಜ್ಜದ ಒಂದು ಸಾಗವಾನಿ ಟೇಬಲ್ಲನ್ನು ಹೊರಿಸಿಕೊಂಡು ಬಂದ. ದಾರಿಯುದ್ದಕ್ಕೂ ಪಾಠ ನಡೆಯಿತು. "ಮರದ ಗೆರಿ ಹಿಡದು ತಿಕ್ರಿ, ಅಡ್ಡ ತಿಕ್ಕಬ್ಯಾಡ್ರಿ. ಭುಜದಿಂದ ತಿಕ್ರಿ, ಮುಂಗೈ ಸೋಲತೈತಿ. ಮೊದಲ ಒರಟು ಕಾಗದ, ಆಮ್ಯಾಲೆ ನುಣ್ಣಂದು. ಒತ್ತಬ್ಯಾಡ್ರಿ, ಕಾಗದನ ಕೆಲಸಾ ಮಾಡತೈತಿ." ಮಾಸ್ತರರು ಹ್ಞೂಂ ಹ್ಞೂಂ ಎನ್ನುತ್ತಿದ್ದರು. ಒಂದೂ ತಲೆಗೆ ಹೋಗುತ್ತಿರಲಿಲ್ಲ.

ಪಂಢರೀನಾಥರಾಯರು ಕರೀ ಟೋಪಿ, ಉದ್ದ ಕೋಟು ಹಾಕಿಕೊಂಡು ಹತ್ತೂಕಾಲಿಗೆ ಬಂದರು. ಕೈಯಲ್ಲಿ ಮಾಸಿಕ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಸಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಊರಿನ ಅರ್ಧ ಜನ ಕಂಪೌಂಡಿನ ಗೋಡೆಗೆ ಆತು ನಿಂತಿತ್ತು.

"ಗುರುರಾಜ ಮಾಸ್ತರ, ಇಪ್ಪತ್ತು ವರ್ಷದಾಗ ಇಂಥಾ ಲೇಖನ ನಾ ನೋಡಿಲ್ಲ. ಎಲ್ಲಾರೂ ಬರೀ ಬರೀತಾರ. ಕೈಯಿಂದ ಮಾಡಿದಾಂವ ಬರದದ್ದು ಇದು ಒಂದೇ. ಹ್ಞಾಂ, ಒಂದನೇದರಿಂದ ಸುರು ಮಾಡ್ರಿ."

ಗೋಡೆಯಾಚೆ ನೀಲಪ್ಪ ಆಕಾಶ ನೋಡಿದ.

ಒದ್ದೆ ಬಟ್ಟೆ ಕಟ್ಟಿದ್ದಾಯಿತು. ಗೋಣೀಚೀಲ ಮಡಿಸಿ ಅದರ ಮೇಲೆ ಮೊಣಕಾಲೂರಿದ್ದಾಯಿತು. ಮೊದಲ ನೂರು ಸಲ ಬಲಗೈ, ಮುಂದಿನ ನೂರು ಎಡಗೈ. ಇಷ್ಟರಲ್ಲೇ ಮಾಸ್ತರರಿಗೆ ತಮ್ಮ ಮೈಯಲ್ಲಿ ಎಷ್ಟು ಕೀಲುಗಳಿವೆ ಎಂಬುದರ ಪೂರ್ತಿ ಲೆಕ್ಕ ಸಿಕ್ಕಿತು. ನಾಲ್ಕನೆಯದಾಗಿ ಬೆಲ್ಲ. ತಿಮ್ಮಣ್ಣನವರು ಒಂದು ಹೆಂಟೆ ತರಿಸಿಟ್ಟಿದ್ದರು. ಮಾಸ್ತರರು ತಿಂದದ್ದು ಮೂರು ಚೂರು. ಉಳಿದದ್ದನ್ನು ಹೊಟ್ಟು ಕುಡಿಯದ ತಿಮ್ಮಣ್ಣನವರೇ ಮುಗಿಸಿದರು.

"ಐದನೇದು," ಎಂದರು ಸಾಹೇಬರು. "ಎಣ್ಣಿ."

"ಅದನ್ನ... ಇವತ್ತ ಬಿಟ್ರ ನಡೀತದ ಸಾಹೇಬ್ರ, ಹವಾ ತಂಪದ..."

"ಬಿಡೂದಾ? ಅದಕ್ಕಾಗಿನ ನಾ ಬಂದದ್ದು! ಯಾ ಪುಸ್ತಕದಾಗೂ ಇಲ್ಲ ಅದು."

ಅಂಗೈಗೆ ಎಣ್ಣೆ ಬಿತ್ತು. ಮಾಸ್ತರರು ಕಾಗದ ಹಿಡಿದು ಮುಂದಕ್ಕೆ ಒಂದು ಸಲ ಉಜ್ಜಿದರು. ಕೈ ಮುಂದೆ ಹೋಯಿತು, ಮೈ ಅದರ ಬೆನ್ನು ಹತ್ತಿತು, ಕಾಗದ ಹಾರಿ ತಿಮ್ಮಣ್ಣನವರ ಬೋಳುತಲೆಯ ಮೇಲೆ ಕೂತಿತು. ಟೇಬಲ್ಲಿನ ಮೇಲೆ ಎರಡು ಅಂಗೈ ಗುರುತು, ನಡುವೆ ಒಂದು ಗದ್ದದ ಗುರುತು, ಎಣ್ಣೆಯಲ್ಲಿ ಚಂದವಾಗಿ ಮೂಡಿದವು. ಗೋಡೆಯ ಮೇಲಿನ ಜನ ಹೋ ಎಂದು ನಕ್ಕರು.

ಸಾಹೇಬರು ನಗಲಿಲ್ಲ. ಕೆಂಪು ಪೆನ್ಸಿಲಿನಿಂದ ಏನೋ ಬರೆದುಕೊಂಡರು. "ಅಂದ್ರ ಹೊಸಬರು ಎಣ್ಣಿ ಕಡಿಮಿ ಹಚ್ಚಬೇಕು. ಬರೋಬ್ಬರಿ."

ಆರನೆಯದು ಹೇಗೋ ದಾಟಿತು; ಏಳನೆಯದು ಉಳ್ಳಾಗಡ್ಡಿ. ಇಲ್ಲಿ ದೊಡ್ಡ ಧರ್ಮಸಂಕಟ ಬಂತು. ಗುರುರಾಜರ ಮನೆತನದಲ್ಲಿ ಉಳ್ಳಾಗಡ್ಡಿ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅದರಲ್ಲೂ ಅಂದು ಗುರುವಾರ, ರಾಯರ ವಾರ. ಸಾಹೇಬರೂ ಅದೇ ಸಂಪ್ರದಾಯದವರು. ಮುದ್ರೆ ಹಚ್ಚಿಕೊಂಡ ಹಣೆ. ಬಚಾವಾದೆ ಎಂದುಕೊಂಡು ಮಾಸ್ತರರು ಅವರ ಮುಖ ನೋಡಿದರು.

ಸಾಹೇಬರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಚಾರ ಮಾಡಿದರು. "ಕಚ್ಚೂದು ಬ್ಯಾರೆ, ತಿನ್ನೂದು ಬ್ಯಾರೆ. ಹಲ್ಲಾಗ ಹಿಡೀರಿ, ಅಗೀಬ್ಯಾಡ್ರಿ. ಉಗುಳು ನುಂಗಬ್ಯಾಡ್ರಿ. ದೋಷ ಇಲ್ಲ."

ಹೀಗೆ ಗುರುವಾರದ ದಿನ ಗುರುರಾಜರ ಬಾಯಿಗೆ ಉಳ್ಳಾಗಡ್ಡಿ ಹೋಯಿತು. ಸೀನು ನಿಲ್ಲಲಿಲ್ಲ, ಕಣ್ಣೀರು ಬೇರೆ ಸುರುವಾಯಿತು. ಅತ್ತುಕೊಂಡು, ಸೀನಿಕೊಂಡು ಉಜ್ಜುತ್ತಿದ್ದ ಅವರನ್ನು ಕಂಡು ಗೋಡೆಯ ಮೇಲಿನ ಹೆಂಗಸರು ಮರುಗಿದರು. ಎಂಟನೆಯದಕ್ಕೆ ಮಾಸ್ತರರು ಒಂಟಿ ಕಾಲಿನಲ್ಲಿ ನಿಂತಾಗ ಸಾಹೇಬರೂ ಎದ್ದು, "ನನಗೂ ಸೊಂಟದ್ದು ಭಾಳ ದಿನದಿಂದ ತ್ರಾಸದ" ಎಂದು ಒಂದು ಕಾಲು ಎತ್ತಿದರು. ಸಾಹೇಬರೇ ಎತ್ತಿದ ಮೇಲೆ ಹೆಡ್‌ಮಾಸ್ತರು ಎತ್ತದೆ ಇರಲಾದೀತೇ? ಮೂವರೂ ಕೆರೆಯ ದಂಡೆಯ ಕೊಕ್ಕರೆಗಳ ಹಾಗೆ ಮೂರು ನಿಮಿಷ ನಿಂತರು. ತಿಮ್ಮಣ್ಣನವರು ಎರಡು ಸಲ ಬಿದ್ದರು. ಒಂಬತ್ತು, ಹತ್ತು ಹೇಗೋ ಮುಗಿದವು.

"ಹನ್ನೊಂದನೇದು ಹಾಡು," ಎಂದು ಸಾಹೇಬರು ಮತ್ತೆ ಕೂತುಕೊಂಡರು. ಬಾಯಲ್ಲಿ ಉಳ್ಳಾಗಡ್ಡಿ, ಅದರ ಮೇಲೆ ಒದ್ದೆ ಬಟ್ಟೆ. ಒಳಗಿಂದ ಹೊರಟದ್ದು ಹಾಡೋ ನರಳಾಟವೋ ಹೇಳಬರುವಂತಿರಲಿಲ್ಲ. ಸಾಹೇಬರು ಮಾತ್ರ ತಾಳ ಹಾಕಿದರು. ಒಂದು ಗಂಟೆಗೆ ಎದ್ದು, "ಊಟಾ ಮಾಡಿ ಬರ್ತೇನಿ. ಅಷ್ಟರಾಗ ಟೇಬಲ್ಲು ಪೂರಾ ನುಣುಪು ಮಾಡಿಡ್ರಿ. ಹನ್ನೆರಡನೇದು ನೋಡೇ ನಾ ಹೋಗಾಂವ" ಎಂದು ಕುಲಕರ್ಣಿಯವರ ಮನೆಗೆ ನಡೆದರು. ಅಲ್ಲಿ ಹೋಳಿಗೆ ಆಗಿತ್ತು. ಹೋಳಿಗೆಯ ಮೇಲೆ ಸಾಹೇಬರು ನಿದ್ದೆಯನ್ನೂ ಮಾಡಿಯೇ ಬರುವರೆಂದು ಊರಿಗೆಲ್ಲ ಗೊತ್ತಿತ್ತು.

ಜನ ಕರಗಿದ ಮೇಲೆ ಮಾಸ್ತರರು ಉಳ್ಳಾಗಡ್ಡಿ ಉಗಿದು, ಟೇಬಲ್ಲಿನ ಕಾಲಿಗೆ ಒರಗಿ ಕೂತುಬಿಟ್ಟರು. ಅಂಗೈ ತುಂಬ ಬೊಬ್ಬೆ. ಎರಡು ಆಗಲೇ ಒಡೆದಿದ್ದವು. ಟೇಬಲ್ಲು ಮುಂಜಾನೆಗಿಂತ ಕೆಟ್ಟದಾಗಿತ್ತು.

"ಸರೀರಿ ಆಚಿಗೆ," ಎಂದು ನೀಲಪ್ಪ ಗೋಡೆ ಹಾರಿ ಬಂದ. ಗಾಜಿನ ಚೂರೊಂದರಿಂದ ಎಣ್ಣೆಯ ಕಲೆಯನ್ನು ಹೆರೆದ. ಒದ್ದೆ ಬಟ್ಟೆಯಿಂದ ಇಡೀ ಹಲಗೆ ಒರೆಸಿ, ಬಿಸಿಲಿಗೆ ಬಿಟ್ಟ. "ನೀರ ಹಚ್ಚಿದ್ರ ಕಟಿಗಿ ಕೂದಲ ಎದ್ದು ನಿಂದ್ರತಾವು. ಒಣಗಿದಮ್ಯಾಲೆ ನುಣ್ಣನ ಕಾಗದದಿಂದ ಒಂದು ಕೈ ತಿಕ್ಕಿದ್ರ ಮುಗೀತು." ಅವನ ಕೈ ಹೋಗುವುದು ಕಾಣುತ್ತಿತ್ತು, ಬರುವುದು ಕಾಣುತ್ತಿತ್ತು, ದಣಿವು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ನಡುನಡುವೆ ತಲೆ ಬಗ್ಗಿಸಿ, ಬೆಳಕಿಗೆ ಅಡ್ಡವಾಗಿ ಹಲಗೆಯನ್ನು ನೋಡುತ್ತಿದ್ದ. ಇದನ್ನೇ ಮುಂಜಾನೆ ಒಂಬತ್ತನೆಯದೆಂದು ತಾವೂ ಮಾಡಿ ತೋರಿಸಿದ್ದು ಮಾಸ್ತರರಿಗೆ ನೆನಪಾಯಿತು. ಬರೆದಾಗ ಅದು ಏನೆಂದು ತಮಗೆ ತಿಳಿದಿರಲಿಲ್ಲ ಎಂಬುದೂ ಈಗ ತಿಳಿಯಿತು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ನೀಲಪ್ಪಾ, ಸಾಹೇಬ್ರ ಮುಂದ ಖರೆ ಹೇಳಿಬಿಡ್ತೇನೋ."

"ಹೇಳ್ರಿ. ಆರ್ಡರ ಕೈಗೆ ಬಂದಮ್ಯಾಲೆ ಹೇಳ್ರಿ. ಆ ಬಾಯಾರ್ನ ಎಷ್ಟ ದಿನಾ ಅಂತ ಬಸ್ಸಿನ ಕಿಡಿಕ್ಯಾಗ ನೋಡ್ತೀರಿ?"

ನಾಲ್ಕು ಗಂಟೆಗೆ ಸಾಹೇಬರು ಕಣ್ಣುಜ್ಜಿಕೊಳ್ಳುತ್ತ ಬಂದರು. ಟೇಬಲ್ಲು ಹೊಳೆಯುತ್ತಿತ್ತು. ನೀಲಪ್ಪ ಗೋಡೆಯಾಚೆ ಹೋಗಿ ನಿಂತಿದ್ದ. ಸಾಹೇಬರು ಬೆರಳಿನಿಂದ ಮುಟ್ಟಲಿಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಕೇಳಿದರು:

"ಸೀರಿ ಎಲ್ಲಿ?"

ಯಾರಿಗೂ ಅದು ನೆನಪಿರಲಿಲ್ಲ. ತಿಮ್ಮಣ್ಣನವರು ಸಾಲೆಯ ಪಕ್ಕದಲ್ಲೇ ಇದ್ದ ಬೋರವ್ವನ ಮನೆಗೆ ಓಡಿ, "ಸಾಹೇಬ್ರು ನಿನ್ನ ಇಲಕಲ್ಲ ಸೀರಿ ನೋಡಬೇಕಂತಾರ, ಲಗೂ ತಾ" ಎಂದರು. ಸರಕಾರ ಒಳ್ಳೆಯ ಸೀರೆಗಳಿಗೆ ಬಹುಮಾನ ಕೊಡುತ್ತದೆ ಎಂದೇ ಬೋರವ್ವ ತಿಳಿದಳು. ಚೊಚ್ಚಲ ಬಸಿರಿನಲ್ಲಿ ತನ್ನ ಕುಬಸಕ್ಕೆ ತವರಿನವರು ಉಡಿಸಿದ ಸೀರೆ, ಕೆಂಪು ರೇಷ್ಮೆಯಲ್ಲಿ ಬಿಳಿ ಗೋಪುರಗಳ ಸಾಲು ನೇಯ್ದ ಟೋಪತೆನಿ ಸೆರಗಿನದು; ಇಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿ ಬೇವಿನ ಎಲೆಯ ನಡುವೆ ಮಲಗಿತ್ತು. ಅದನ್ನು ಎದೆಗವಚಿಕೊಂಡು ಬಂದಳು.

"ಕಣ್ಣೀಲೆ ನೋಡ್ರಿ ಸಾಹೇಬ್ರ. ಕೈ ಹಚ್ಚಬ್ಯಾಡ್ರಿ."

"ಕೈ ಹಚ್ಚೂದಿಲ್ಲವಾ. ಕಟಿಗಿಗೆ ಹಚ್ಚತೇವಿ," ಎಂದು ಸಾಹೇಬರು ಅವಳಿಗೆ ಅರ್ಥವಾಗುವ ಮೊದಲೇ ಸೀರೆ ತೆಗೆದುಕೊಂಡು ಸೆರಗನ್ನು ಟೇಬಲ್ಲಿನ ಮೇಲೆ ಹಾಸಿದರು. ತಾವೇ ಒಂದು ಅಂಚು ಹಿಡಿದು ಮೆಲ್ಲಗೆ ಎಳೆದರು.

ಸೆರಗು ನೀರಿನ ಹಾಗೆ ಜಾರಿತು. ಈ ತುದಿಯಿಂದ ಆ ತುದಿಯವರೆಗೆ ಒಂದು ಎಳೆಯೂ ಸಿಕ್ಕಲಿಲ್ಲ. ಗೋಡೆಯ ಮೇಲಿನ ಜನವೆಲ್ಲ ಹ್ಞಾಂ ಎಂದಿತು. ಸಾಹೇಬರ ಕಣ್ಣಿನಲ್ಲಿ ನೀರು ಬಂದಿತು.

"ಗುರುರಾಜ ಮಾಸ್ತರ, ನೀವೊಮ್ಮೆ ಎಳೀರಿ. ಬರದವರ ಕೈಯಿಂದನ ನೋಡಬೇಕು ನಾ."

ಮಾಸ್ತರರಿಗೆ ಮೈಮರೆಯುವಷ್ಟು ಸಂತೋಷವಾಗಿತ್ತು. ಎರಡೂ ಕೈ ಚಾಚಿ ಸೆರಗನ್ನು ಗಟ್ಟಿಯಾಗಿ ಹಿಡಿದರು. ಒಡೆದ ಬೊಬ್ಬೆಗಳು, ಅದರಲ್ಲಿ ಚುಚ್ಚಿಕೊಂಡಿದ್ದ ಸಾಗವಾನಿಯ ಸಿಬಿರುಗಳು, ಇವಕ್ಕೆಲ್ಲ ರೇಷ್ಮೆ ಹತ್ತಿಕೊಂಡಿತು. ಎಳೆದರು, ಬರಲಿಲ್ಲ. ಬಿಡಲು ನೋಡಿದರು, ಬಿಡಲಿಲ್ಲ. ಕೈ ಕೊಡವಿದರು. ಚರ್ರನೆ ಸದ್ದಾಯಿತು.

ಸೆರಗು ಒಂದು ಗೇಣು ಹರಿದಿತ್ತು.

ಬೋರವ್ವ ಮುಂದೆ ನುಗ್ಗಿ ಹರಿದ ಅಂಚನ್ನು ಹಿಡಿದು ನೋಡಿದಳು. ಆಮೇಲೆ ಸುರುವಾಯಿತು. "ಯಪ್ಪಾ, ನನ್ನ ತವರಮನಿ ಸೀರ್ಯೋ! ನಿನ್ನ ಕೈಗೆ ಕರಿನಾಗರ ಕಡೀಲೋ ಮಾಸ್ತರಾ! ಇವನ ಮನಿ ಬಾಗಲಾ ಹಾಳಾಗ್ಲೋ!" ಆ ಮನೆ ತನ್ನದೇ ಎಂಬುದು ಸಿಟ್ಟಿನಲ್ಲಿ ಅವಳಿಗೆ ಹೊಳೆಯಲಿಲ್ಲ. ಮಾಸ್ತರರು ಹರಕಿನ ಸಮೇತ ಹಾಗೆಯೇ ನಿಂತಿದ್ದರು. ಎಲ್ಲ ಮುಗಿಯಿತು, ಇನ್ನು ಪೆನ್ಶನ್ನೇ ಗತಿ ಎಂದು ಅವರ ಕಣ್ಣಿಗೆ ಕತ್ತಲೆ ಬಂದಿತು.

ಪಂಢರೀನಾಥರಾಯರು ಮುಂದೆ ಬಂದು ಮಾಸ್ತರರ ಕೈ ಹಿಡಿದು ಅಂಗೈ ಮೇಲೆ ಮಾಡಿದರು. ನೋಡಿದರು. ಟೇಬಲ್ಲನ್ನು ನೋಡಿದರು. ಮತ್ತೆ ಅಂಗೈ ನೋಡಿದರು.

"ಟೇಬಲ್ಲಿಗೆ ಸಿಗಲಿಲ್ಲ, ಕೈಗೆ ಸಿಕ್ತು!" ಎಂದು ಕೂಗಿ, ಆ ಕೈಯನ್ನು ಜನರಿಗೆಲ್ಲ ಕಾಣುವಂತೆ ಎತ್ತಿ ಹಿಡಿದರು. "ನೋಡ್ರಿ! ತನ್ನ ನುಣುಪೆಲ್ಲಾ ಮರಕ್ಕ ಕೊಟ್ಟ ಕೈ ಇದು! ಮಾಸ್ತರ ಅಂದ್ರ ಇಂವ! ಹದಿಮೂರನೇದು ಬರಕೊಳ್ರಿ ಗುರುರಾಜ ಮಾಸ್ತರ: ಉಜ್ಜಿದವರು ಸೀರಿ ಎಳೀಬಾರದು, ಬ್ಯಾರೆಯವರು ಎಳೀಬೇಕು."

"ಸಾಹೇಬ್ರ, ಖರೆ ಹೇಳಬೇಕಂದ್ರ ಆ ಟೇಬಲ್ಲು..." ಎಂದು ಮಾಸ್ತರರು ಬಾಯಿ ತೆರೆದರು. ಗೋಡೆಯಾಚೆ ನೀಲಪ್ಪ ಜೋರಾಗಿ ಕೆಮ್ಮಿದ.

"ಏನೂ ಹೇಳಬ್ಯಾಡ್ರಿ. ನಿಮ್ಮ ನಾಲ್ಕೂ ಅರ್ಜಿ ನನ್ನ ಹಂತ್ಯಾಕ ಅವ." ಸಾಹೇಬರು ಆ ನುಣುಪಾದ ಟೇಬಲ್ಲಿನ ಮೇಲೆಯೇ ಕಾಗದ ಇಟ್ಟು ಬರೆದರು. "ಬಾಗಲಕೋಟಿಯೊಳಗ ಒಂದು ಜಾಗಾ ನಿನ್ನೆನೇ ಖಾಲಿ ಆಗೇದ. ನಾಳೆ ಮುಂಜಾನೆ ಹೋಗಿ ಹಾಜರಾಗ್ರಿ. ಕೈಕಸಬಿನ ಮಾಸ್ತರ ಅಂತನೇ ಹಾಕೇನಿ. ಆದ್ರ ಒಂದು ಮಾತು. ಮೂರು ವರ್ಷ ಅಲ್ಲಿಂದ ಯಾರನ್ನೂ ಅಲಗಾಡಸೂದಿಲ್ಲ. ನಾ ಒಮ್ಮೆ ಸಹಿ ಮಾಡಿದ್ದು ದೇವರು ಬಂದ್ರೂ ತಿದ್ದೂದಿಲ್ಲ."

"ಮೂವತ್ತು ವರ್ಷ ಇಡ್ರಿ ಸಾಹೇಬ್ರ!" ಎಂದು ಮಾಸ್ತರರು ಅತ್ತೇಬಿಟ್ಟರು. ಈ ಸಲ ಬಾಯಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಸಾಹೇಬರು ಮರುದಿನದ ತಪಾಸಣೆಗೆಂದು ಹುನಗುಂದದ ಬಸ್ಸಿಗೆ ಹೋದರು. ಅವರು ಹೋದ ಮೇಲೆ ಬೋರವ್ವ ಮಾಸ್ತರರ ಕೋಣೆಯ ಬಾಗಿಲಿಗೆ ಅಡ್ಡ ಕೂತಳು. ಸೀರೆಗೆ ಏನು ಹೇಳುತ್ತೀ ಎಂಬುದು ಅವಳ ಪ್ರಶ್ನೆ. ಮಾಸ್ತರರು ಅವತ್ತು ದಾನಶೂರರಾಗಿದ್ದರು. ಮಂಚ, ಹಾಸಿಗೆ, ಕಂದೀಲು, ಸ್ಟೋ, ನಾಲ್ಕು ಪಾತ್ರೆ, ನೀರಿನ ಕೊಡ, ಎಲ್ಲವನ್ನೂ ಅವಳಿಗೇ ಬಿಟ್ಟರು. "ನನಗಿನ್ನ ಇವು ಯಾಕವ್ವಾ? ನಾ ಇನ್ನ ಹೆಂಡ್ತಿ ಮನ್ಯಾಗ ಇರಾಂವ," ಎಂದರು. ಬೋರವ್ವ ಕಣ್ಣೊರೆಸಿಕೊಂಡು ಸಾಮಾನೆಲ್ಲ ತನ್ನ ಒಳಮನೆಗೆ ಸಾಗಿಸಿ, ಕಸ ಗುಡಿಸಿ, ಖಾಲಿ ಕೋಣೆಗೆ ಕೀಲಿ ಹಾಕಿದಳು.

ಆರು ಗಂಟೆಗೆ ಮಾಸ್ತರರು ಒಂದು ಟ್ರಂಕು ಹಿಡಿದುಕೊಂಡು ಬಸ್ಸಿನ ನಿಲ್ದಾಣದಲ್ಲಿ ನಿಂತಿದ್ದರು. ಆರ್ಡರು ಜೇಬಿನಲ್ಲಿತ್ತು; ಐದು ನಿಮಿಷಕ್ಕೊಮ್ಮೆ ತೆಗೆದು ಓದುತ್ತಿದ್ದರು. ಬಾಗಿಲು ತೆರೆದ ಸುಲಭಾಳ ಮುಖ ಹೇಗಿರುತ್ತದೆ, ತಾನು ಮೊದಲು ಕಾಗದ ತೋರಿಸಬೇಕೋ ಮಾತಾಡಬೇಕೋ ಎಂದು ಲೆಕ್ಕ ಹಾಕುತ್ತಿದ್ದರು. ಬಾಗಲಕೋಟೆಯಿಂದ ಬಂದ ಬಸ್ಸು ಧೂಳೆಬ್ಬಿಸಿ ನಿಂತಿತು. ಅದೇ ಬಸ್ಸು ತಿರುಗಿ ಹೋಗುವುದು. ಕಂಡಕ್ಟರ್ ಗೌಸಸಾಬ ಮೇಲಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರಳಿ ಇಳಿಸಿದ. ಅದರ ಹಿಂದೆಯೇ ಸುಲಭಾ ಇಳಿದಳು.

ಇಬ್ಬರೂ ಒಬ್ಬರ ಟ್ರಂಕನ್ನು ಒಬ್ಬರು ನೋಡಿದರು.

"ನೀ ಇಲ್ಲಿ ಯಾಕ ಬಂದಿ?"

"ನೀವು ಎಲ್ಲಿ ಹೊಂಟೀರಿ?"

"ಬಾಗಲಕೋಟಿಗೆ! ನನಗ ವರ್ಗಾ ಆತು!" ಮಾಸ್ತರರು ಆರ್ಡರು ಮುಂದೆ ಹಿಡಿದರು.

ಸುಲಭಾಳ ಮುಖದ ನಗು ನಡುವೆಯೇ ನಿಂತುಹೋಯಿತು. ಅವಳು ಚೀಲದಿಂದ ಇನ್ನೊಂದು ಕಾಗದ ತೆಗೆದಳು. ಅದೇ ಸಹಿ, ಅದೇ ಶಾಯಿ, ಒಂದು ದಿನ ಹಿಂದಿನ ತಾರೀಖು.

"ನಿಮ್ಮ ಅರ್ಜಿ ಏನೂ ಆಗವಲ್ದಲ್ಲಾ, ನಾನೇ ಒಂದು ಹಾಕಿ ನೋಡೋಣ ಅಂತ ಮಾಡಿದೆ. ನಿಮಗ ಹೇಳಲಿಲ್ಲ, ಒಮ್ಮೆಲೇ ಬಂದು ನಿಂದ್ರಬೇಕಂತ. ಸಾಹೇಬ್ರ ಮನಿಯವರು ಸರಸ್ವತೀಬಾಯಿ ನಮ್ಮ ಭಜನೀ ಮಂಡಳದವರು. ನಿನ್ನೆ ಅವರ ಮನಿಗೆ ಹೋಗಿದ್ದೆ. ಎಲ್ಲಿ ಬೇಕು ಅಂದ್ರು ಸಾಹೇಬ್ರು. ಕಮತಗಿ ಅಂದೆ. ತಾನಾಗೇ ಕಮತಗಿ ಬೇಡಿದವರನ್ನ ಅವರು ನೋಡೇ ಇಲ್ಲಂತ. ಭಾಳ ಖುಷಿ ಆಗಿ ಅಲ್ಲೇ ಸಹಿ ಮಾಡಿದ್ರು. ಯಾಕ, ಏನು, ಒಂದೂ ಕೇಳಲಿಲ್ಲ."

"ಅಂದ್ರ ನಿನ್ನೆ ಖಾಲಿ ಆದ ಜಾಗಾ..."

"ನಂದು," ಎಂದಳು ಸುಲಭಾ.

"ಮೂರು ವರ್ಷ..."

"ನನಗೂ ಮೂರು ವರ್ಷ ಅಂದಾರ."

ಮಾಸ್ತರರು ತಮ್ಮ ಟ್ರಂಕಿನ ಮೇಲೆ ಕೂತರು. ಸುಲಭಾ ತನ್ನದರ ಮೇಲೆ ಕೂತಳು. ಆಮೇಲೆ ಅವಳು ಗಂಡನ ಅಂಗೈ ಕಂಡು, "ಅಯ್ಯ, ಇದೇನಿದು!" ಎಂದು ಹಿಡಿದುಕೊಂಡಳು. ಎರಡು ವರ್ಷದಲ್ಲಿ ನಡುವೆ ಶೇಂಗಾದ ಮೊರವಿಲ್ಲದೆ ಅವಳು ಅವರ ಕೈ ಹಿಡಿದದ್ದು ಅದೇ ಮೊದಲು. ಮಾಸ್ತರರಿಗೆ ನೋವು ಮರೆತುಹೋಯಿತು. ಗೌಸಸಾಬ ಸೀಟಿ ಊದುವವರೆಗೆ ಮಾತ್ರ.

"ಹೋಗ್ರಿ. ನಾಳೆ ಹಾಜರಾಗದಿದ್ರ ನೌಕರಿನೇ ಹೋದೀತು," ಎಂದು ಸುಲಭಾ ಕಣ್ಣೊರೆಸಿಕೊಂಡಳು. "ಒಂದು ಲೆಕ್ಕಕ್ಕ ಚೊಲೋ ಆತು. ಅವ್ವ ಒಬ್ಬಾಕಿ ಆದಳಲ್ಲಾ ಅಂತ ದಾರಿ ಪೂರಾ ಅತಗೋತ ಬಂದೆ. ಇನ್ನ ಆಕಿ ಜೋಡಿ ನೀವು ಇರ್ತೀರಿ. ನಿಮ್ಮ ಕೋಣಿ ಕೀಲಿ ಕೊಡ್ರಿ, ಸಾಮಾನ ಎಲ್ಲಾ ಅದಾವಲ್ಲಾ?"

ಮಾಸ್ತರರು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದರು. ಕಿಟಕಿಯ ಹತ್ತಿರ ಕೂತು ತಲೆ ಹೊರಗೆ ಹಾಕಿ, "ಕೀಲಿ ಬೋರವ್ವನ ಕಡೆ ಅದ. ಬಾಕೀದು ರವಿವಾರ ಬಂದು ಹೇಳ್ತೇನಿ," ಎಂದರು.

"ರವಿವಾರ ಹೆಂಗ ಬರ್ತೀರಿ?" ಎಂದಳು ಸುಲಭಾ, ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ. "ನಿಮ್ಮ ಲೇಖನ ಅವ್ವ ನನ್ನ ಕಡಿಂದ ಮೂರು ಸಲ ಓದಿಸಿಕೊಂಡಾಳ. ಮನ್ಯಾಗ ಹನ್ನೊಂದು ಬಾಗಲಾ ಅವ, ಒಂದು ತೂಗುಮಂಚ ಅದ. ಅಳಿಯಂದ್ರು ಸೂಟಿ ದಿನ ಬಂದಾಗ ಒಂದೊಂದಾಗಿ ತಿಕ್ಕಿ ಕೊಡ್ತಾರಂತ ಓಣಿಗೆಲ್ಲಾ ಹೇಳ್ಯಾಳ."

ಬಸ್ಸು ಊರು ದಾಟಿತು. ಗೌಸಸಾಬ ಟಿಕೇಟು ಹರಿದು ಮಾಸ್ತರರ ಬೊಬ್ಬೆಯೆದ್ದ ಅಂಗೈ ಮೇಲೆ ಇಟ್ಟ.